ಐರಿಶ್ ಆಧುನಿಕ ಕಾದಂಬರಿಯಲ್ಲಿ ಗಾಥಿಕ್ ಎಲ್ಲಿದೆ?

ಜೇಮ್ಸ್ ಜಾಯ್ಸ್, ಎಲಿಜಬೆತ್ ಬೋವೆನ್ ಮುಂತಾದ ಐರಿಶ್ ಆಧುನಿಕತಾವಾದಿಗಳ ಮೇಲೆ ಗಾಥಿಕ್ ಕಥನದ, ಅಂದರೆ ಪಾಳು ಮಹಲು, ಶಾಪ, ಪ್ರೇತಗಳ ಮೂಲಕ ಭಯ ಹುಟ್ಟಿಸುವ ಕಥನದ ಪ್ರಭಾವ ನಿಜಕ್ಕೂ ಇದೆಯೇ, ಇಲ್ಲವೇ ಅದು ವಿಮರ್ಶಕರು ಹೊರಗಿನಿಂದ ಹೇರಿದ ಅರ್ಥವೇ ಎಂದು ಕೇಳಿದ್ದೀರಿ. ಇದೆ ಎಂದೇ ನನ್ನ ಅಭಿಪ್ರಾಯ. ಆದರೆ ಭೂತಪ್ರೇತಗಳಿಗಿಂತ ಹೆಚ್ಚಾಗಿ ಜಮೀನು ಮತ್ತು ಮನೆಯ ಒಡೆತನದಲ್ಲಿ ಅದನ್ನು ಹುಡುಕಬೇಕು.

'ಮೆಲ್ಮತ್ ದ ವಾಂಡರರ್' (1820) ಬರೆದ ಚಾರ್ಲ್ಸ್ ಮಟುರಿನ್, 'ಅಂಕಲ್ ಸೈಲಸ್' (1864) ಬರೆದ ಶೆರಿಡನ್ ಲೆ ಫಾನು, 'ಡ್ರಾಕುಲಾ' (1897) ಬರೆದ ಬ್ರಾಮ್ ಸ್ಟೋಕರ್ ಮೂವರೂ ಡಬ್ಲಿನ್‌ನಲ್ಲಿ ಹುಟ್ಟಿದ ಪ್ರೊಟೆಸ್ಟೆಂಟರು. ಕ್ಯಾಥೊಲಿಕರಿಂದ ಕಿತ್ತುಕೊಂಡ ಜಮೀನಿನಲ್ಲಿ ಮಹಲು ಕಟ್ಟಿ, ಅವರನ್ನೇ ಗೇಣಿದಾರರನ್ನಾಗಿ ಮಾಡಿಕೊಂಡು ಬಾಳಿದ ಅಲ್ಪಸಂಖ್ಯಾತ ಆಳುವ ವರ್ಗದ ಅಳುಕೇ ಐರಿಶ್ ಗಾಥಿಕ್‌ನಲ್ಲಿ ಪಾಳು ಬಂಗಲೆಯಾಗಿ, ಶಾಪ ತಟ್ಟಿದ ವಂಶವಾಗಿ ರೂಪ ತಳೆಯಿತು ಎಂಬ ಓದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಬೋವೆನ್ ಇದರ ನೇರ ವಾರಸುದಾರಳು. ಪೂರ್ವಜರು ಕಾರ್ಕ್ ಕೌಂಟಿಯಲ್ಲಿ 1775ರಲ್ಲಿ ಕಟ್ಟಿ ಮುಗಿಸಿದ ಬೋವೆನ್ಸ್ ಕೋರ್ಟ್ ಮಹಲು 1930ರಲ್ಲಿ ಆಕೆಯ ಪಾಲಿಗೆ ಬಂತು. ಕಥೆ ನಡೆಯುವುದು ಇಂಗ್ಲೆಂಡಿನಲ್ಲಾದರೂ 'ಅಂಕಲ್ ಸೈಲಸ್' ಮೂಲತಃ ಐರಿಶ್ ಕಥೆಯೇ ಎಂದವಳೂ ಆಕೆಯೇ.

ಆಕೆಯ 'ದ ಲಾಸ್ಟ್ ಸೆಪ್ಟೆಂಬರ್' (1929) ಬ್ರಿಟಿಷರ ವಿರುದ್ಧ ಐರ್ಲೆಂಡಿನ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1920ರ ಕಥೆ. ಡೇನಿಯಲ್ಸ್‌ಟೌನ್ ಎಂಬ ಮಹಲಿನಲ್ಲಿ ಟೆನ್ನಿಸ್ ಆಟ, ಬ್ರಿಟಿಷ್ ಸೈನ್ಯಾಧಿಕಾರಿಗಳೊಡನೆ ನೃತ್ಯ, ಊಟದ ಹೊತ್ತಿನ ಹರಟೆ ಏನೂ ಆಗಿಲ್ಲವೆಂಬಂತೆ ಸಾಗುತ್ತವೆ. ಒಂದು ಸಂಜೆ ಲೋಯಿಸ್ ಎಂಬ ಹುಡುಗಿ ತೋಟದ ಪೊದೆಗಳ ನಡುವೆ ನಿಂತಿದ್ದಾಗ, ಉದ್ದ ಕೋಟು ತೊಟ್ಟ ಗಂಡಸೊಬ್ಬ ಅವಳನ್ನು ಗಮನಿಸದೆ ಸರಸರನೆ ಹಾದುಹೋಗುತ್ತಾನೆ. ಹಳೆಯ ಗಾಥಿಕ್‌ನಲ್ಲಾಗಿದ್ದರೆ ಅಲ್ಲಿ ಪ್ರೇತ ಸುಳಿಯಬೇಕಿತ್ತು. ಬೋವೆನ್ ಅದೇ ಜಾಗಕ್ಕೆ ಬಂಡುಕೋರನನ್ನು ತರುತ್ತಾಳೆ, ಅಷ್ಟೇ ಅಲ್ಲ, ಅವನು ಆ ನೆಲದಲ್ಲಿ ಎಷ್ಟು ನಿರಾಳವಾಗಿ ನಡೆಯುತ್ತಾನೆಂದರೆ ಅಲ್ಲಿ ಪ್ರೇತದಂತೆ ಕಾಣುವವಳು ಮನೆಯ ಹುಡುಗಿಯೇ. ಕೊನೆಗೆ ಮಹಲಿಗೆ ಬೆಂಕಿ ಬೀಳುತ್ತದೆ. ಆಗಲೂ ಅದರ ಬಾಗಿಲು ಅತಿಥಿಗಳನ್ನು ಒಳಗೆ ಕರೆಯುವಂತೆ ತೆರೆದೇ ಇರುತ್ತದೆ, ಮಾಲೀಕ ದಂಪತಿ ಒಬ್ಬರ ಮುಖವನ್ನೊಬ್ಬರು ನೋಡದೆ ನಿಲ್ಲುತ್ತಾರೆ.

ಜಾಯ್ಸ್ ಈ ವರ್ಗದವನಲ್ಲ. ಕ್ಯಾಥೊಲಿಕ್ ಮನೆತನದ ಅವನಲ್ಲಿ ಅಳುಕು ಜಮೀನಿನದಲ್ಲ, ಧರ್ಮದ್ದು ಮತ್ತು ತಾಯಿಯದು. 'ಯುಲಿಸಿಸ್' (1922) ಕಾದಂಬರಿಯ ಸ್ಟೀಫನ್, ಸಾಯುತ್ತಿದ್ದ ತಾಯಿ ಬೇಡಿಕೊಂಡರೂ ಮೊಣಕಾಲೂರಿ ಪ್ರಾರ್ಥಿಸಿರಲಿಲ್ಲ. ವೇಶ್ಯಾಗೃಹದ ಅಧ್ಯಾಯದಲ್ಲಿ ಅವಳು ಹರಿದ ಮದುವೆಯ ಮುಸುಕು ಹೊದ್ದು, ಸಮಾಧಿಯ ಬೂಷ್ಟು ಹಿಡಿದ ಮುಖದೊಡನೆ ನೆಲದಿಂದ ಏಳುತ್ತಾಳೆ, ಅವನು ಊರುಗೋಲಿನಿಂದ ದೀಪಕ್ಕೆ ಬಡಿಯುತ್ತಾನೆ. ಲೆ ಫಾನುವಿನ 'ದ ಹೌಸ್ ಬೈ ದ ಚರ್ಚ್‌ಯಾರ್ಡ್' ಕಾದಂಬರಿಯನ್ನು ಜಾಯ್ಸ್ ಮುಂದೆ 'ಫಿನೆಗನ್ಸ್ ವೇಕ್'ನಲ್ಲಿ (1939) ಧಾರಾಳವಾಗಿ ಬಳಸಿಕೊಂಡ. ಹೀಗಾಗಿ ಪ್ರಭಾವಕ್ಕೆ ಪಠ್ಯದಲ್ಲೇ ಸಾಕ್ಷ್ಯವಿದೆ.

ಇದೇ ದೃಷ್ಟಿಯಿಂದ ಐರಿಶ್ ಕಾದಂಬರಿಕಾರ ಫ್ಲಾನ್ ಓಬ್ರಿಯನ್‌ನ 'ದ ಥರ್ಡ್ ಪೊಲೀಸ್‌ಮನ್' ಕೂಡ ಓದಿ. ಅದರ ಗುಟ್ಟನ್ನು ಇಲ್ಲಿ ಬಿಟ್ಟುಕೊಟ್ಟರೆ ನಿಮ್ಮ ಓದಿನ ಸುಖ ಕೆಡುತ್ತದೆ.

ಹಾಗೆಂದು ಸ್ಮಶಾನ ಕಂಡಲ್ಲೆಲ್ಲ ಗಾಥಿಕ್ ಎನ್ನಲಾಗದು. ಮಾರ್ಟಿನ್ ಓ ಕೈನ್ ಐರಿಶ್ ಭಾಷೆಯಲ್ಲಿ ಬರೆದ 'ಕ್ರೇ ನಾ ಕಿಲ್ಲೆ'ಯಲ್ಲಿ (1949) ಮಾತಾಡುವವರೆಲ್ಲರೂ ಸತ್ತು ಮಣ್ಣಾದವರೇ. ಆದರೂ ಅವರು ಯಾರನ್ನೂ ಹೆದರಿಸುವುದಿಲ್ಲ. ತನ್ನನ್ನು ಒಂದು ಪೌಂಡಿನ ದುಬಾರಿ ಜಾಗದಲ್ಲಿ ಹೂಳಿದರೋ, ಹದಿನೈದು ಶಿಲ್ಲಿಂಗಿನ ಅಗ್ಗದ್ದರಲ್ಲೋ ಎಂಬುದೇ ಅಲ್ಲಿ ಮುದುಕಿಯೊಬ್ಬಳ ದೊಡ್ಡ ಚಿಂತೆ.