ಕೇಬಲ್ ಅಣ್ಣನನ್ನು ಕೇಳಿ: ಭಾನುವಾರದ ರೇಸ್ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ರೇಸ್ ಬಗ್ಗೆ ಕೇಳಿದವರೇ ಜಾಸ್ತಿ. ಹಾಗಾಗಿ ಸೆಟ್‌ಟಾಪ್ ಬಾಕ್ಸ್ ರಿಪೇರಿ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಮೊದಲು ಭಾನುವಾರ ಸಂಜೆ ಟೀವಿ ಹಚ್ಚಿದರೆ ಫಾರ್ಮುಲಾ ಒನ್ ಕಾರ್ ರೇಸ್ ಬರುತ್ತಿತ್ತು. ಗ್ಯಾರೇಜಿನ ಹುಡುಗರೆಲ್ಲ ಕೂತು ನೋಡುತ್ತಿದ್ದೆವು. ಫುಕಟ್ ಸಿಗುತ್ತಿದ್ದದ್ದಕ್ಕೆ ಈಗ ಯಾಕೆ ರೊಕ್ಕ ಕೊಡಬೇಕು?
— ಗ್ಯಾರೇಜ್ ಮೇಸ್ತ್ರಿ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಮೇಸ್ತ್ರಿ, ಅದು ಫುಕಟ್ ಇರಲಿಲ್ಲ. ನಿಮಗೆ ಗೊತ್ತಾಗದ ಹಾಗೆ ನಾವು ಕೇಬಲ್‌ನವರು ಸಂಭಾಳಿಸುತ್ತಿದ್ದೆವು. ಈಗ ಅಂಗಡಿ ಮುಚ್ಚಿದ್ದೇನೆ, ಹೇಳಿಬಿಡುತ್ತೇನೆ.

1991ರಲ್ಲಿ ಸ್ಟಾರ್ ಚಾನೆಲ್‌ಗಳು ಬಂದಾಗ ಅವು ಫ್ರೀ ಟು ಏರ್, ಅಂದರೆ ರೊಕ್ಕ ಕಟ್ಟದೆ ಹಿಡಿಯಬಹುದಾದವು. ಮಾಳಿಗೆ ಮೇಲೆ ದೊಡ್ಡ ಡಿಶ್ ಇಟ್ಟು ಉಪಗ್ರಹದ ಕಡೆ ತಿರುಗಿಸಿದರೆ ಮುಗಿಯಿತು. ಆಟದ ಚಾನೆಲ್‌ಗಳು ಪೇ ಚಾನೆಲ್ ಆದದ್ದು ಆಮೇಲೆ. ಆಗ ಬೀಗ ಹಾಕಿದ ಚಿತ್ರ ಬಿಡಿಸುವ ಡಿಕೋಡರ್ ಬಾಕ್ಸ್ ಬಂತು, ಅದರೊಳಗೆ ಒಂದು ಕಾರ್ಡ್. ಹಳೇ ಹುಬ್ಬಳ್ಳಿಯಲ್ಲಿ ನನ್ನದು ಒಂದು ಬಾಕ್ಸ್, ಒಂದು ಕಾರ್ಡ್, ನಾಲ್ಕುನೂರು ಮನೆ. ಕಂಪನಿಗೆ ತಿಂಗಳಿಗೆ ಕೊಡುವ ರೊಕ್ಕ ಕನೆಕ್ಷನ್ ಲೆಕ್ಕದ ಮೇಲೆ. ಆ ಲೆಕ್ಕ ಬರೆಯುವವನು ಯಾರು? ನಾನೇ. ನಾಲ್ಕುನೂರನ್ನು ನೂರಿಪ್ಪತ್ತು ಅಂತ ಬರೆಯುತ್ತಿದ್ದೆ. ವಸೂಲಿಗೆ ಬಂದವನಿಗೂ ಗೊತ್ತು, ನನಗೂ ಗೊತ್ತು. ಚಹಾ ಕುಡಿದು, ತುಸು ಜಗಳಾಡಿ, ನೂರೈವತ್ತಕ್ಕೆ ಒಪ್ಪುತ್ತಿದ್ದೆವು. ನಿಮ್ಮ ರೇಸಿನ ಖರ್ಚು ಕರಗುತ್ತಿದ್ದದ್ದು ಅಲ್ಲಿ.

ಇನ್ನೊಂದು ಮಾತು. ಒಂದೊಂದು ಚಾನೆಲ್ಲನ್ನು ಕೇಬಲ್ಲಿಗೆ ಏರಿಸುವ ಮಾಡ್ಯುಲೇಟರ್ ಪೆಟ್ಟಿಗೆ ನನ್ನ ಹತ್ತಿರ ಕಡಿಮೆ ಇದ್ದವು. ಆಟದ ಎರಡು ಚಾನೆಲ್ಲಿಗೆ ಒಂದೇ ಜಾಗ. ಯಾವುದು ಬಿಡಬೇಕು ಅನ್ನುವುದು ನನ್ನ ಬೆರಳಿನಲ್ಲಿತ್ತು. 2005ರ ಜೂನ್‌ನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ರೇಸ್. ಅವತ್ತು ರಾತ್ರಿ ನಿಮ್ಮಂಥ ನಾಲ್ಕು ಗ್ಯಾರೇಜ್ ಹುಡುಗರು ಮಿರ್ಚಿ ಕಟ್ಟಿಸಿಕೊಂಡು ನನ್ನ ಕಂಟ್ರೋಲ್ ರೂಮಿಗೇ ಬಂದರು. ಲಂಚ ಅನ್ನಿ. ಡಿಕೋಡರ್ ಕಾದು ಚಿತ್ರ ನಿಂತುಬಿಡುತ್ತಿತ್ತು, ಅದಕ್ಕೆ ಟೇಬಲ್ ಫ್ಯಾನ್ ಹಚ್ಚಿಟ್ಟು ಚಾನೆಲ್ ಬದಲಿಸಿದೆ. ಐದೇ ನಿಮಿಷಕ್ಕೆ ಓಣಿಯ ಅಜ್ಜಾರ ಫೋನ್: "ಏ ತಮ್ಮಾ, ನಮ್ಮ ಕ್ರಿಕೆಟ್ ಎಲ್ಲಿ ಹೋತು?" "ಅದು ಹಳೇ ಮ್ಯಾಚ್ ರೀ ಅಜ್ಜಾರ, ಇಂಡಿಯಾ ಗೆದ್ದೈತಿ, ಮಲಗ್ರಿ" ಅಂದೆ. ಇತ್ತ ಟೈರಿನ ತಕರಾರಿನಿಂದ ಮಿಶೆಲಿನ್ ಟೈರಿನ 14 ಗಾಡಿಗಳು ರೇಸ್ ಬಿಟ್ಟು ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ತಿರುಗಿದವು. ಓಡಿದ್ದು ಬರೀ ಆರು. ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಬಂದು 5 ಅಂಕ ಪಡೆದರು. ಆರರಲ್ಲಿ ನಾಲ್ಕನೇದು ಅಂತ ಈಗ ನಗಬಹುದು. ಅವತ್ತು ಆ ಹುಡುಗರು ಕುಣಿದ ಕುಣಿತಕ್ಕೆ ಒಂದು ಕೇಬಲ್ ಕಿತ್ತು, ಅರ್ಧ ಓಣಿಯ ಟೀವಿ ಬಂದ್ ಆಯಿತು.

ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಆದ ಮೇಲೆ ನನ್ನ ಲೆಕ್ಕದ ಆಟ ಮುಗಿಯಿತು. ನಮ್ಮಂಥ ಊರುಗಳಿಗೆ 2015ರ ಡಿಸೆಂಬರ್ ಗಡುವು ಇತ್ತು. ಎಷ್ಟು ಬಾಕ್ಸೋ ಅಷ್ಟು ರೊಕ್ಕ. 2019ರ ಫೆಬ್ರವರಿಯಿಂದ, ಟೀವಿ ದರದ ನಿಯಮ ಮಾಡುವ ಟ್ರಾಯ್‌ನ ಹೊಸ ದರ ಬಂತು. ಆಗ 100 ಚಾನೆಲ್ಲಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್ ಬೇಕಾದರೆ ಅದರ ಬೆಲೆ ಬೇರೆ, ಆರಿಸಿಕೊಳ್ಳಬೇಕು. ನಾನು ಫಾರ್ಮ್ ಹಿಡಿದು ಮನೆ ಮನೆ ತಿರುಗಿದೆ. ಧಾರಾವಾಹಿಗೆ ಎಲ್ಲರೂ ಟಿಕ್ ಹಾಕಿದರು. ಕ್ರಿಕೆಟ್ಟಿಗೂ ಹಾಕಿದರು. ರೇಸ್ ಬರುವ ಚಾನೆಲ್ಲಿಗೆ ಏಳೋ ಎಂಟೋ ಮನೆ. ನಿಮ್ಮ ಹುಡುಗರ ಮನೆಯಲ್ಲಿ ಪೆನ್ನು ಅವರ ಅವ್ವಂದಿರ ಕೈಯಲ್ಲಿತ್ತು, ಮೇಸ್ತ್ರಿ.

2022ರ ಸೀಸನ್ ಆದ ಮೇಲೆ ರೇಸ್ ಆ ಚಾನೆಲ್ಲಿನಿಂದಲೂ ಹೋಯಿತು. 2023ರಲ್ಲಿ ಫಾರ್ಮುಲಾ ಒನ್‌ನವರದೇ ಎಫ್1 ಟೀವಿ, 2024ರಲ್ಲಿ ಫ್ಯಾನ್‌ಕೋಡ್ ಆ್ಯಪ್. ನಾಲ್ಕುನೂರು ಮನೆ ಹಂಚಿಕೊಂಡಿದ್ದ ಖರ್ಚು ಈಗ ಒಬ್ಬೊಬ್ಬರ ತಲೆ ಮೇಲೆ ಬಂದು ಕೂತಿದೆ. ಗ್ಯಾರೇಜಿನಲ್ಲಿ ನಾಲ್ಕು ಜನ ಗೆಳೆಯರು ಸೇರಿ ನೋಡಿದರೆ ಯಾರೂ ಕೇಳಲು ಬರುವುದಿಲ್ಲ. ಆದರೆ ಟಿಕೆಟ್ ಇಟ್ಟು ತೋರಿಸಬೇಡಿ. ಮನೆಯಲ್ಲಿ ನೋಡಲು ಆ್ಯಪಿನಲ್ಲಿ ಕೊಂಡ ಪಾಸು ಧಂಧೆಗೆ ನಡೆಯುವುದಿಲ್ಲ.

ಪ್ರಶ್ನೆ: ಇಂಡಿಯಾದ ಕ್ರಿಕೆಟ್ ದೂರದರ್ಶನದಲ್ಲಿ ಬರುತ್ತದೆ. ರೇಸ್ ಯಾಕೆ ಬರುವುದಿಲ್ಲ? ನಮ್ಮ ಮನೆಯಲ್ಲಿರುವುದು ಡಿಡಿ ಫ್ರೀ ಡಿಶ್.
— ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಸರ್, ಇದಕ್ಕೆ 2007ರ ಒಂದು ಕಾಯ್ದೆ ಇದೆ. ದೇಶಕ್ಕೆ ಮಹತ್ವದ್ದು ಅಂತ ಸರ್ಕಾರ ಪಟ್ಟಿ ಮಾಡಿದ ಆಟಗಳನ್ನು ಖಾಸಗಿ ಚಾನೆಲ್‌ನವರು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಟೀವಿ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 75 ರೂಪಾಯಿಗೆ ಕಡಿಮೆ ಇಲ್ಲದಂತೆ ಚಾನೆಲ್‌ನವರಿಗೆ, ಉಳಿದದ್ದು ದೂರದರ್ಶನಕ್ಕೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಭಾರತ ಆಡುವ ಕ್ರಿಕೆಟ್ ಇವೆಲ್ಲ ಆ ಪಟ್ಟಿಯಲ್ಲಿವೆ. ಮೋಟಾರ್ ರೇಸ್ ಇಲ್ಲ. ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೆಯಿತು. ಮೂರನ್ನೂ ಗೆದ್ದದ್ದು ಜರ್ಮನಿಯ ವೆಟಲ್. ಆಗ ಪಟ್ಟಿಗೆ ಸೇರಿಸಿ ಅಂತ ಜೋರಾಗಿ ಕೇಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಈಗ ಯಾರು ಕೇಳುತ್ತಾರೆ?

ನಿಮ್ಮ ಫ್ರೀ ಡಿಶ್ ಮಾತ್ರ ತೆಗೆಸಬೇಡಿ. 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ ಹೀಗೆ ಹಂಚಿಕೊಂಡ ಆಟ ದೂರದರ್ಶನದ ಸ್ವಂತ ಪ್ರಸಾರ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ಬರಬೇಕು, ಖಾಸಗಿ ಕೇಬಲ್, ಡಿಟಿಎಚ್‌ನಲ್ಲಿ ಅಲ್ಲ. ಪಕ್ಕದ ಮನೆಯವರು ತಿಂಗಳಿಗೆ ಮುನ್ನೂರು ಕೊಟ್ಟೂ ಡಿಡಿಯಲ್ಲಿ ಮ್ಯಾಚ್ ಕಾಣದೆ ನಿಮ್ಮ ಮನೆಗೆ ಬರುತ್ತಾರಲ್ಲ, ಕಾರಣ ಇದೇ.

ಪ್ರಶ್ನೆ: ನಮ್ಮ ಅಣ್ಣ ಜರ್ಮನಿಯಲ್ಲಿದ್ದಾನೆ. ಹೊರದೇಶದಲ್ಲಿ ರೇಸ್ ಈಗಲೂ ಫ್ರೀ ಅಲ್ವಾ? ಹಾಸ್ಟೆಲ್‌ನಲ್ಲಿ ಗೆಳತಿಯರು ಒಂದು ಲಿಂಕ್ ಕಳಿಸಿದ್ದಾರೆ, ಅದರಲ್ಲಿ ನೋಡಬಹುದಾ?
— ವಿದ್ಯಾರ್ಥಿನಿ, ಸಪ್ತಾಪುರ, ಧಾರವಾಡ

ಉತ್ತರ: ಅಲ್ಲೂ ಇದೇ ಹಾಡು, ತಂಗಿ. ಜರ್ಮನಿಯಲ್ಲಿ ಆರ್‌ಟಿಎಲ್ ಅನ್ನುವ ಚಾನೆಲ್ 1991ರಿಂದ 2020ರವರೆಗೆ ಫ್ರೀಯಾಗಿ ತೋರಿಸಿತು. ತಮ್ಮ ಡ್ರೈವರ್ ಶೂಮಾಕರ್ ಏಳು ಸಲ ಚಾಂಪಿಯನ್ ಆದದ್ದನ್ನು ಆ ದೇಶ ನೋಡಿದ್ದು ಹಾಗೆ. 2021ರಿಂದ ಹಕ್ಕು ದುಡ್ಡು ಕಟ್ಟುವ ಸ್ಕೈ ಚಾನೆಲ್ಲಿಗೆ ಹೋಯಿತು. ಇಂಗ್ಲೆಂಡಿನಲ್ಲಿ 2012ರಲ್ಲಿ ಬಿಬಿಸಿ ಅರ್ಧ ರೇಸ್‌ಗಳ ಲೈವ್ ಬಿಟ್ಟುಕೊಟ್ಟಿತು. 2019ರಿಂದ ಅವರ ಊರಿನ ರೇಸ್ ಒಂದೇ ಫ್ರೀಯಾಗಿ ಲೈವ್, ಉಳಿದದ್ದರ ಬರೀ ಹೈಲೈಟ್ಸ್.

ಲಿಂಕ್ ವಿಚಾರ: ಬೇಡ. ಕಳ್ಳ ಲಿಂಕು ಅನ್ನುವುದೊಂದು, ಇನ್ನೊಂದು ಅದರ ಮೇಲೆ ಕುಣಿಯುವ ಜಾಹೀರಾತು. ಎಲ್ಲಿ ಒತ್ತಿದರೂ ಮೊಬೈಲ್ ಕೆಡುತ್ತದೆ. ಪಾಸ್ ತಗೊಂಡರೂ ಡೇಟಾ ಲೆಕ್ಕ ಹಾಕಿಕೋ. ಚಿತ್ರ ಚೆನ್ನಾಗಿ ಬರಲು ಸೆಕೆಂಡಿಗೆ 5 ಮೆಗಾಬಿಟ್ ಹಿಡಿದರೆ ಗಂಟೆಗೆ ಸುಮಾರು 2.25 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು ನಲವತ್ತು ನಿಮಿಷಕ್ಕೆ ಖಾಲಿ. ಚಿತ್ರದ ಗುಣಮಟ್ಟ ಕಡಿಮೆ ಮಾಡಿಕೊಂಡು ನೋಡು. ವಾಟ್ಸ್ಆ್ಯಪ್ ಗ್ರೂಪ್ ಮ್ಯೂಟ್ ಮಾಡು, ನಿನ್ನ ಚಿತ್ರ ತಡವಾಗಿ ಬರುವಷ್ಟರಲ್ಲಿ ಯಾರು ಯಾರನ್ನು ದಾಟಿದರು ಅಂತ ಅಣ್ಣನೇ ಬರೆದುಬಿಟ್ಟಿರುತ್ತಾನೆ.

ಪ್ರಶ್ನೆ: ನೋಡುವವರೇ ಕಡಿಮೆಯಾದರೆ ಆಟಕ್ಕೇ ನಷ್ಟ ಅಲ್ಲವೇ?
— ಮುದ್ರಣಾಲಯದ ಕೆಲಸಗಾರ, ಬೆಟಗೇರಿ

ಉತ್ತರ: ರೊಕ್ಕದಲ್ಲಿ ನಷ್ಟ ಇಲ್ಲ. ರೇಸ್ ನಡೆಸುವ ಊರು ಕೊಡುವ ಶುಲ್ಕ, ಪ್ರಸಾರದ ಹಕ್ಕು, ಜಾಹೀರಾತುದಾರರು, ಇವೇ ಅವರ ಮುಖ್ಯ ಆದಾಯ. ಹಕ್ಕನ್ನು ಜಾಸ್ತಿ ಕೊಟ್ಟವರಿಗೆ ಮಾರುತ್ತಾರೆ. ನಷ್ಟ ಬೇರೆ ಕಡೆ ಇದೆ. ನನ್ನ ಗ್ರಾಹಕರಲ್ಲಿ ರೇಸ್ ಹುಚ್ಚು ಹಿಡಿದವರು ಯಾರೂ ಹುಡುಕಿಕೊಂಡು ಬಂದವರಲ್ಲ. ಕ್ರಿಕೆಟ್ಟಿಗೆ ಮಳೆ ಬಂದಾಗ ರಿಮೋಟ್ ಒತ್ತುತ್ತಾ ಹೋಗಿ ಸುಮ್ನೆ ಅಲ್ಲಿ ನಿಂತವರು. ಆ್ಯಪಿನಲ್ಲಿ ಹಾಗೆ ದಾರಿ ತಪ್ಪಿ ಯಾರು ಬರುತ್ತಾರೆ? ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2ರ, ಅಂದರೆ ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪಂದ್ಯದ, ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದರು. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಿದ್ದ ಹತ್ತು ಹುಡುಗರನ್ನು ಕೇಳಿದೆ, ಒಬ್ಬನಿಗೂ ಹೆಸರು ಗೊತ್ತಿರಲಿಲ್ಲ. ಹಾವೇರಿ ಕಡೆಯ ಕೊಬ್ಬರಿ ಹೋರಿಗಳ ಹೆಸರು ಮಾತ್ರ ಸಾಲಾಗಿ ಹೇಳಿದರು. ಹೋರಿ ಹಬ್ಬ ಯೂಟ್ಯೂಬಿನಲ್ಲಿ ಫ್ರೀ.

ಪ್ರಶ್ನೆ: ಮಾಳಿಗೆ ಮೇಲೆ ಕೇಬಲ್ ಕಾಲದ ದೊಡ್ಡ ಜಾಲರಿ ಡಿಶ್ ಹಾಗೇ ಇದೆ. ಏನಾದರೂ ಉಪಯೋಗ ಉಂಟೇ?
— ಗೃಹಿಣಿ, ಬ್ಯಾಡಗಿ

ಉತ್ತರ: ಉಂಟು, ಅಕ್ಕಾ. ನಡುವಿನ ಕಂಬ ಬಿಚ್ಚಿ, ನಾಲ್ಕು ಇಟ್ಟಂಗಿ ಮೇಲೆ ಮಲಗಿಸಿ, ಹಳೇ ಧೋತರ ಹಾಸಿ. ನಮ್ಮ ಮನೆಯವರು ಸಂಡಿಗೆ ಅದರಲ್ಲೇ ಒಣಗಿಸುವುದು. ಜಾಲರಿ ಅಲ್ವಾ, ಕೆಳಗಿನಿಂದಲೂ ಗಾಳಿ ಆಡುತ್ತದೆ. ನಿಮ್ಮ ಊರಿನ ಮೆಣಸಿನಕಾಯಿಗೂ ಆದೀತು, ತುಂಬು (ತೊಟ್ಟು) ಮಾತ್ರ ತೆಗೆಯಬೇಡಿ.