‘ಆ ಹೊಟ್ಟಿ ಒಂದ್ ಅಳಿಸಿಬಿಡ’

*ನನಗೆ 37 ವರ್ಷ. ಗೆಳತಿಯ ಜೊತೆ ಸೇರಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಫೋಟೋಗಳಿಗೆ ಫಿಲ್ಟರ್ ಹಾಕುವುದಿಲ್ಲ, ಯಾರನ್ನೂ ತೆಳ್ಳಗೆ ಬೆಳ್ಳಗೆ ಮಾಡಿ ತೋರಿಸುವುದಿಲ್ಲ ಎಂದು ನಮ್ಮ ಪೇಜಿನಲ್ಲೇ ಬರೆದುಕೊಂಡಿದ್ದೇವೆ. ದಸರಾ ಜಾಹೀರಾತಿಗೆ ನಾನೇ ಸೀರೆ ಉಟ್ಟು ಮಧ್ಯಾಹ್ನ ಮಾಳಿಗೆಯ ಮೇಲೆ ನಿಂತೆ. ಫೋಟೋ ನೋಡಿದರೆ ಸೊಂಟದ ಮಡಿಕೆ, ಹೆರಿಗೆಯ ಗೆರೆ, ಕಪ್ಪು ಕತ್ತು ಎಲ್ಲಾ ಎದ್ದು ಕಾಣುತ್ತಿವೆ. ‘ಆ ಹೊಟ್ಟಿ ಒಂದ್ ಅಳಿಸಿಬಿಡ’ ಎಂದು ಗೆಳತಿಗೆ ಹೇಳಿದೆ. ‘ಹಂಗಂದ್ರ ನಾವು ಬರದಿದ್ದು ಸುಳ್ಳಾಗಂಗಿಲ್ಲೇನು?’ ಅಂದಳು. ಎಂಟನೇ ತರಗತಿಯ ಮಗಳು ಪಕ್ಕದಲ್ಲೇ ಕೂತಿದ್ದಳು. ಮಾರನೇ ದಿನದಿಂದ ಅವಳು ಒಂದೇ ರೊಟ್ಟಿ ಸಾಕು ಅನ್ನುತ್ತಿದ್ದಾಳೆ. ನಾನು ಆಷಾಢಭೂತಿಯೇ?*
— ಹೆಸರು ಬೇಡ, ಗದಗ

ಖಂಡಿತ ಅಲ್ಲ. ಹೆಂಗಸರ ಮೈಯನ್ನು ಕಂಪ್ಯೂಟರಿನಲ್ಲಿ ಕೆತ್ತಬಾರದು ಎಂದು ನೀವು ನಂಬಿದ್ದೂ ನಿಜ, ನಿಮ್ಮದೇ ಫೋಟೋ ಕಂಡು ಕುಗ್ಗಿದ್ದೂ ನಿಜ. ಚಿಕ್ಕಂದಿನಿಂದ ನುಣ್ಣಗಿನ ಸೊಂಟಗಳನ್ನೇ ಜಾಹೀರಾತುಗಳಲ್ಲಿ ನೋಡುತ್ತಾ ಬೆಳೆದವರು ನಾವು. ಒಂದು ತೀರ್ಮಾನ ಬರೆದ ಮಾತ್ರಕ್ಕೆ ಕಣ್ಣಿನ ಅಭ್ಯಾಸ ಹೋಗುವುದಿಲ್ಲ.

ನಿಮ್ಮಿಬ್ಬರ ಜಗಳದಲ್ಲಿ ಎರಡು ಮಾತು ಗಂಟುಬಿದ್ದಿವೆ. ‘ಅಳಿಸಬಾರದು’ ಎನ್ನುವ ಹಕ್ಕು ನಿಮ್ಮ ಗೆಳತಿಗಿದೆ. ‘ಹಾಕಲೇಬೇಕು’ ಎನ್ನುವ ಹಕ್ಕು ಅವರಿಗಿಲ್ಲ. ಹೊಟ್ಟೆ ಅಳಿಸಿ, ಕೆಳಗೆ ‘ನಾವು ಫೋಟೋ ತಿದ್ದುವುದಿಲ್ಲ’ ಎಂದು ಬರೆದರೆ ಅದು ಗಿರಾಕಿಗೆ ಮಾಡುವ ಮೋಸ. ಆದರೆ ‘ಈ ಫೋಟೋ ಹಾಕಬೇಡ, ನನಗೆ ಬೇಡ’ ಎಂದರೆ ಯಾವ ಮಾತೂ ಮುರಿಯುವುದಿಲ್ಲ. ಒಳ್ಳೆಯ ಉದ್ದೇಶವಿದೆ ಎಂದ ಮಾತ್ರಕ್ಕೆ ನಿಮ್ಮ ಮೈಯನ್ನು ಅದಕ್ಕೆ ಒಪ್ಪಿಸಿಕೊಡಬೇಕಾಗಿಲ್ಲ.

ಆ ಫೋಟೋವೇ ನಿಮ್ಮ ಮೈಯ ನಿಜ ಎಂದು ನೀವು ನಂಬಿದಂತಿದೆ. ಅಲ್ಲ. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಪ್ರತಿ ಮಡಿಕೆಯ ಕೆಳಗೂ ಕಪ್ಪು ನೆರಳು ಕಟ್ಟುತ್ತದೆ. ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಲೆನ್ಸಿಗೆ ಸಮೀಪ ಇರುವ ಭಾಗ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಏರಿ ಎಂಬ ಒಳಉಡುಪಿನ ಬ್ರಾಂಡ್ 2014ರಲ್ಲಿ ‘ಇನ್ನು ಮಾಡೆಲ್‌ಗಳ ಫೋಟೋ ತಿದ್ದುವುದಿಲ್ಲ’ ಎಂದು ಹೇಳಿ ಹೆಸರು ಮಾಡಿತು. ಅಲ್ಲೂ ಬೆಳಕು ನೋಡಿಯೇ ನಿಲ್ಲಿಸುತ್ತಾರೆ, ಹತ್ತಾರು ಫೋಟೋಗಳಲ್ಲಿ ಒಂದನ್ನು ಆರಿಸುತ್ತಾರೆ. ತಿದ್ದದಿರುವುದು ಎಂದರೆ ಸಿಕ್ಕಿದ ಮೊದಲ ಫೋಟೋವನ್ನೇ ಹಾಕುವುದು ಎಂದಲ್ಲ.

ಅಂದಹಾಗೆ ನಿಮ್ಮ ಗೆಳತಿಯ ಹಟದಲ್ಲಿ ವ್ಯಾಪಾರದ ಬುದ್ಧಿಯೂ ಇದೆ. ಚರ್ಮ ಬೆಳ್ಳಗೆ ಮಾಡಲು ಇಡೀ ಫೋಟೋದ ಬೆಳಕು ಏರಿಸಿದರೆ ದಾಳಿಂಬೆ ಕೆಂಪು ಗುಲಾಬಿಯಾಗುತ್ತದೆ, ಗಿಣಿ ಹಸಿರು ಮಾಸುತ್ತದೆ. ಪಾರ್ಸೆಲ್ ಬಿಚ್ಚಿದವರು ‘ಬಣ್ಣವೇ ಬೇರೆ’ ಎಂದು ಸೀರೆ ವಾಪಸ್ ಕಳಿಸುತ್ತಾರೆ. ಫೋಟೋ ತೆಗೆಯುವ ಮುನ್ನ ನಿಮ್ಮ ಮೊಬೈಲಿನ ಬ್ಯೂಟಿ ಮೋಡ್ ಆಫ್ ಇದೆಯೇ ನೋಡಿ. ಎಷ್ಟೋ ಮೊಬೈಲುಗಳಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ.

ತಿದ್ದಿದ ಫೋಟೋ ಹಾಕಿ ಕೆಳಗೆ ‘ಇದು ತಿದ್ದಿದ ಫೋಟೋ’ ಎಂದೊಂದು ಚೀಟಿ ಅಂಟಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಫ್ರಾನ್ಸ್ 2017ರ ಅಕ್ಟೋಬರಿನಿಂದ, ನಾರ್ವೆ 2022ರ ಜುಲೈನಿಂದ ಅಂಥ ಚೀಟಿಯನ್ನು ಕಡ್ಡಾಯ ಮಾಡಿವೆ. ಆದರೆ ಚೀಟಿ ಓದಿದ ಹೆಂಗಸರಿಗೆ ತಮ್ಮ ಮೈಯ ಬಗೆಗಿನ ಬೇಸರ ಅಷ್ಟೇನೂ ಇಳಿದಿಲ್ಲ ಎಂದೇ ಹಲವು ಅಧ್ಯಯನಗಳು ಹೇಳಿವೆ. ಸುಳ್ಳು ಎಂದು ಗೊತ್ತಿದ್ದೂ ಮನಸ್ಸು ಹೋಲಿಸಿಕೊಳ್ಳುತ್ತದೆ. ಅದಕ್ಕೇ ನಿಮ್ಮ ಪುಟ್ಟ ಪೇಜಿನ ತೀರ್ಮಾನ ನನಗೆ ದೊಡ್ಡದಾಗಿ ಕಾಣುತ್ತದೆ.

ಹೊಟ್ಟೆಯ ಗೆರೆಗಳು ಅರ್ಧಕ್ಕಿಂತ ಹೆಚ್ಚು ಬಸುರಿಯರಿಗೆ ಮೂಡುತ್ತವೆ. ಒಳಚರ್ಮ ಹಿಗ್ಗಿ ಹರಿದ ಗುರುತು ಅದು. ಮೊದಲು ಕೆಂಪಗಿದ್ದು ವರ್ಷಗಳಲ್ಲಿ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಆದರೆ ಕತ್ತಿನ ಕಪ್ಪನ್ನು ಕನ್ನಡಿ ಮುಂದೆ ಒಮ್ಮೆ ಮುಟ್ಟಿ ನೋಡಿ. ದಪ್ಪಗೆ, ಮಕಮಲ್ಲಿನಂತೆ ಇದ್ದರೆ ಸ್ಕ್ರಬ್ ಹಾಕಿ ತಿಕ್ಕಬೇಡಿ, ಸಕ್ಕರೆಯ ರಕ್ತಪರೀಕ್ಷೆ ಮಾಡಿಸಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತಿನಲ್ಲಿ ಹೀಗೆ ಕಾಣಿಸಿಕೊಳ್ಳುವುದುಂಟು.

ನನ್ನ ನಿದ್ದೆ ಕೆಡಿಸಿದ್ದು ಆ ಒಂದು ರೊಟ್ಟಿ. ನೀವು ನಿಮ್ಮ ಹೊಟ್ಟೆಗೆ ಅಂದ ಮಾತನ್ನು ಮಗಳು ತನ್ನ ಹೊಟ್ಟೆಗೆ ತೆಗೆದುಕೊಂಡಿದ್ದಾಳೆ. ಫೋಟೋದ ತೀರ್ಮಾನ ಆಮೇಲೆ ಆಗಲಿ, ಇವತ್ತೇ ಅವಳ ಹತ್ತಿರ ಕೂರಿ. ‘ಅವತ್ತು ನಾನು ಹಂಗ ಅಂದದ್ದು ತಪ್ಪಾತು, ನಿಂಗ ಬ್ಯಾಸರಾತೇನು?’ ಎಂದು ಕೇಳಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳಿ. ರೊಟ್ಟಿ ಎಣಿಸಬೇಡಿ, ಬಲವಂತವಾಗಿ ಬಡಿಸಬೇಡಿ. ಮೊದಲಿನಂತೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಿ, ಅವಳ ಎದುರು ನೀವೂ ಹೊಟ್ಟೆ ತುಂಬ ಉಣ್ಣಿ. ಈ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಸೊಂಟ ಅಗಲವಾಗುವುದು, ತೂಕ ಏರುವುದು ಬೆಳವಣಿಗೆಯೇ ಎಂದು ಅವಳಿಗೆ ಬಿಡಿಸಿ ಹೇಳಿ. ಎರಡು ವಾರ ಕಳೆದರೂ ಊಟ ತಪ್ಪಿಸುತ್ತಿದ್ದರೆ, ತಲೆ ಸುತ್ತು ಬಂದರೆ, ಮುಟ್ಟು ನಿಂತರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಅದು ಉಚಿತ.

ಅವಳಿಗೆ ಇದನ್ನೂ ಹೇಳಿ. 2012ರಲ್ಲಿ ಅಮೆರಿಕದ ಮೇನ್ ರಾಜ್ಯದ 14 ವರ್ಷದ ಹುಡುಗಿಯೊಬ್ಬಳು, ಹದಿಹರೆಯದವರ ಪತ್ರಿಕೆಯಾದ ಸೆವೆಂಟೀನ್ ತಿಂಗಳಿಗೆ ಒಂದಾದರೂ ತಿದ್ದದ ಫೋಟೋ ಸರಣಿ ಹಾಕಬೇಕೆಂದು ಮನವಿ ಶುರುಮಾಡಿದಳು. 80,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಹುಡುಗಿಯರ ಮೈಯ, ಮುಖದ ಆಕಾರ ಬದಲಿಸುವುದಿಲ್ಲ ಎಂದು ಪತ್ರಿಕೆ ಅದೇ ವರ್ಷ ಮಾತು ಕೊಟ್ಟಿತು. ನಿಮ್ಮ ಮಗಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಈ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಪಡಸಾಲೆಯ ಬಾಗಿಲ ಹತ್ತಿರ ಇನ್ನೊಮ್ಮೆ ನಿಂತು ನೋಡಿ. ದಿನಾ ಉಡುವ ಹಾಗೆಯೇ ಉಡಿ, ಸೆರಗು ನಿಮಗೆ ಹಿತವಾಗುವಷ್ಟು ಹೊದ್ದುಕೊಳ್ಳಿ. ಗೆಳತಿ ನಾಲ್ಕು ಹೆಜ್ಜೆ ಹಿಂದೆ ನಿಂತು ಫೋಟೋ ತೆಗೆಯಲಿ, ಯಾವುದು ಹಾಕುವುದೆಂದು ನೀವೇ ಆರಿಸಿ. ಯಾವುದೂ ಮನಸ್ಸಿಗೆ ಬರದಿದ್ದರೆ ಈ ಸಲ ಸೀರೆಯನ್ನು ಹಗ್ಗದ ಮೇಲೆ ಹರವಿ, ಕೆಂಪು ಸೆರಗು ಪೂರ್ತಿ ಕಾಣುವ ಹಾಗೆ ಬಿಟ್ಟು ಫೋಟೋ ತೆಗೆಯಿರಿ.