ಏಪ್ರಿಲ್ ಸರಕಿಗೆ ಮಾರ್ಚ್ 31ರ ಬಿಲ್ಲು

ಏಪ್ರಿಲ್‌ನಲ್ಲಿ ಕಳಿಸುವ ಸರಕಿಗೆ ಮಾರ್ಚ್ 31ರ ಬಿಲ್ಲು ಹಾಕಲು ಮ್ಯಾನೇಜರ್ ಹೇಳಿದ್ದಾರೆ, ‘ಒಂದು ಸಲ ತಾನೆ’ ಎಂದು ಒಪ್ಪಬಹುದೇ ಎಂದು ಕೇಳಿದ್ದೀರಿ. ಒಪ್ಪಬೇಡಿ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರ ಪತ್ರದಲ್ಲಿ, ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲಿದ್ದ ಅಲ್ಪ ಅಂತರವೇ ವರ್ಷಗಳು ಕಳೆದಂತೆ ಕೈಮೀರಿ ಬೆಳೆಯಿತೆಂದು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಲೆಕ್ಕದಲ್ಲಿದ್ದೂ ವಾಸ್ತವದಲ್ಲಿ ಇಲ್ಲದ ನಗದು 5,040 ಕೋಟಿ ರೂಪಾಯಿ. ಮುಂದಿನ ತ್ರೈಮಾಸಿಕದಿಂದ ಹೀಗೆ ಎರವಲು ತಂದ ಮಾರಾಟವನ್ನು ಆ ತ್ರೈಮಾಸಿಕ ಬಂದಾಗ ತುಂಬಲು ಇನ್ನೂ ದೊಡ್ಡ ಎರವಲು ಬೇಕಾಗುತ್ತದೆ (ಲೆಕ್ಕ ಬರೆಯುವ ನಿಮಗೆ ಇದು ಗೊತ್ತಿಲ್ಲದ್ದೇನಲ್ಲ). ಬಾಯಿಮಾತಿನ ಆದೇಶವನ್ನು ಇಮೇಲ್‌ನಲ್ಲಿ ಕೊಡುವಂತೆ ವಿನಯದಿಂದ ಕೇಳಿ. ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ, ನಿಮ್ಮದು ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ ಎಂದಿದ್ದೀರಿ, ಹಾಗಾಗಿ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ನಿನಂತೆ ದೂರು ಕೊಡುವ ವ್ಯವಸ್ಥೆ ಇರಲೇಬೇಕು. ವಿಶೇಷ ಸಂದರ್ಭದಲ್ಲಿ ನಿರ್ದೇಶಕ ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಸಂಪರ್ಕಿಸಬಹುದು.